ಸಾವಿನ ಮನೆಯಲ್ಲಿ ಗಡಿಯಾರ ಯಾಕೆ ನಿಲ್ಲಿಸಿದರು?

ಐರ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಯಾರಾದರೂ ತೀರಿಕೊಂಡರೆ ಗಡಿಯಾರ ನಿಲ್ಲಿಸುತ್ತಿದ್ದರು. ಯಾಕೆ ಗೊತ್ತಾ? ಅಂಗಡಿಯ ಶಟರ್ ಎಳೆದರೆ ಇಡೀ ಬೀದಿಗೆ ವಿಷಯ ತಿಳಿಯುತ್ತಲ್ಲ, ಹಾಗೆ. ಈ ಮನೆಯಲ್ಲಿ ಇವತ್ತು ಕೆಲಸ ಇಲ್ಲ, ಅವಸರ ಇಲ್ಲ ಅಂತ ಹೇಳಿದಂತೆ. ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದರು. ಆತ್ಮ ಹೊರಗೆ ಹೋಗಲಿ ಅಂತ ಕಿಟಕಿ ತೆರೆಯುತ್ತಿದ್ದರು, ಆ ದಾರಿಗೆ ಯಾರೂ ಅಡ್ಡ ನಿಲ್ಲುವಂತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮುಚ್ಚುತ್ತಿದ್ದರು, ಅದು ವಾಪಸ್ ಬರಬಾರದಲ್ಲ! ಹಾಗಾದರೆ ಇದೆಲ್ಲ ಬರೀ ದೆವ್ವದ ಭಯವೇ? ಭಯ ಇತ್ತು, ನಿಜ. ಆದರೆ ಭಯವೊಂದೇ ಆಗಿದ್ದರೆ ಹೆಣವನ್ನ ಬೇಗ ಸಾಗಿಸಿಬಿಡುತ್ತಿದ್ದರು. ಅವರು ಮಾಡಿದ್ದು ತದ್ವಿರುದ್ಧ. ಒಂದೆರಡು ರಾತ್ರಿ ಮನೆಯಲ್ಲೇ ಇಟ್ಟುಕೊಂಡರು, ಒಂದು ಗಳಿಗೆಯೂ ಒಂಟಿ ಬಿಡಲಿಲ್ಲ.

ಇದಕ್ಕೆ ‘ವೇಕ್’ ಅಂತಾರೆ. ಸತ್ತವರು ಎದ್ದು ಕೂತಾರೇನೋ ಅಂತ ಕಾಯುತ್ತಿದ್ದರು ಅನ್ನೋ ಕಥೆ ಕೇಳಿರ್ತೀರಿ. ನಂಬಬೇಡಿ. ಆ ಪದಕ್ಕೆ ಇಲ್ಲಿ ಜಾಗರಣೆ ಅಂತಲೇ ಅರ್ಥ. ಬಂದವರಿಗೆಲ್ಲ ಬಿಳಿ ಮಣ್ಣಿನ ಪೈಪು, ತಂಬಾಕು. ಒಂದು ದಮ್ಮು ಎಳೆದು, ಸತ್ತವರಿಗಾಗಿ ಪ್ರಾರ್ಥನೆ ಹೇಳಬೇಕು. ಆಮೇಲೆ ಕಥೆ, ಆಟ, ನಗು ಕೂಡ. ಸಾವಿನ ಮನೆಯಲ್ಲಿ ನಗುವುದು ಅಗೌರವ ಅಲ್ಲವೇ? ಬಿಷಪ್‌ಗಳೂ ಹಾಗೇ ಅಂದರು. 17ನೇ ಶತಮಾನದಿಂದಲೇ ಆ ಆಟಗಳನ್ನ ನಿಷೇಧಿಸುತ್ತ ಬಂದರು. ಜನ ಬಿಡಲಿಲ್ಲ. ರಾತ್ರಿಯಿಡೀ ನೆರೆಹೊರೆಯವರನ್ನ ಎಚ್ಚರವಾಗಿ ಕೂರಿಸಬೇಕಿತ್ತು, ದುಃಖದಲ್ಲಿದ್ದವರು ಒಂಟಿಯಾಗಬಾರದಿತ್ತು. ಹಾಗಾಗಿ ಈ ಆಚರಣೆಗಳನ್ನ ಮೂಢನಂಬಿಕೆ ಅಂತಷ್ಟೇ ಕರೆಯುವುದು ಅನ್ಯಾಯ. ಇಂದಿಗೂ ಐರ್ಲೆಂಡಿನ ಸ್ಥಳೀಯ ರೇಡಿಯೊಗಳು ಸಾವಿನ ಸುದ್ದಿ ಓದುತ್ತವೆ. ಕೇಳಿದ ಜನ ಆ ಮನೆಗೆ ಹೊರಡುತ್ತಾರೆ.