ಹಿರಿಯರಿಗೆ ಬಿಸಿನೀರು: ಮುಟ್ಟಿ ನೋಡಿಯೇ ಕೊಡಿ
ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ. ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲಗೊಂಡಿದ್ದರೆ ಪಾದಕ್ಕೆ ಬಿಸಿ ತಾಗಿದ್ದೇ ತಿಳಿಯುವುದಿಲ್ಲ. 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ಗೀಸರಿನ ಬಿಸಿಯನ್ನು 50 ಡಿಗ್ರಿಯ ಆಸುಪಾಸಿಗೆ ಇಳಿಸಿ.

ಬಕೆಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ ಚೆನ್ನಾಗಿ ಕಲಕಿ. ಚಳಿಗಾಲದ ಫಜ್ರ್ ವೇಳೆ ಹಿರಿಯರ ವುಝೂವಿಗೆ ಬಿಸಿನೀರು ಬೇಕಿದ್ದರೆ, ಮನೆಯ ಕಿರಿಯರು ಮೊಣಕೈಯಿಂದ ಮುಟ್ಟಿ ನೋಡಿ ಕೊಡಲಿ.

ಸುಟ್ಟರೆ ತಕ್ಷಣ ಬಳೆ, ಉಂಗುರ ತೆಗೆದು, ಆ ಭಾಗದ ಮೇಲೆ 20 ನಿಮಿಷ ನಲ್ಲಿಯ ತಣ್ಣೀರು ಹರಿಯಲು ಬಿಡಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಬೇಡ. ಗುಳ್ಳೆ ಒಡೆಯಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ನೋವಿಲ್ಲವೆಂದು ಸುಮ್ಮನಿರಬೇಡಿ; ಆಳವಾದ ಸುಟ್ಟಗಾಯವೂ ನೋಯದೇ ಇರಬಹುದು.