ಕಡಲಿನಿಂದ ಪಡೆದ ಹೊಲಗಳ ಊರು

ಹಿರಿಯರು ಬಿಟ್ಟುಹೋದ ಹೊಲವೆಂಬ ಮಾತು ನಮ್ಮ ಮನೆಗಳಲ್ಲಿ ಪರಿಚಿತವಾದುದು. ಆದರೆ ಆ ಹೊಲವನ್ನೇ ಹಿರಿಯರು ಸಮುದ್ರದಿಂದ ಪಡೆದು ಮಕ್ಕಳ ಕೈಗಿತ್ತ ಊರೊಂದು ಜರ್ಮನಿಯ ಉತ್ತರದಲ್ಲಿದೆ. ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಪಶ್ಚಿಮ ಕರಾವಳಿಯ ಆ ಪುಟ್ಟ ಗ್ರಾಮಾಡಳಿತದ ಹೆಸರು ರಾಯ್ಸೆನ್‌ಕೋಗೆ. ಜನಸಂಖ್ಯೆ ಸುಮಾರು 300.

ಕಡಲಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ ಪಡೆದ ನೆಲಕ್ಕೆ ಅಲ್ಲಿ ‘ಕೋಗ್’ ಎನ್ನುತ್ತಾರೆ. ತೀರದ ಕೆಸರಿನಲ್ಲಿ ಗೂಟ ನೆಟ್ಟು, ಕಡ್ಡಿಕಂಟಿಗಳ ಬೇಲಿ ಕಟ್ಟಿದರೆ, ಪ್ರತಿ ಭರತದ ನೀರೂ ತೆಳುವಾದ ಮೆಕ್ಕಲುಮಣ್ಣನ್ನು ಉಳಿಸಿ ಹಿಂದಿರುಗುತ್ತದೆ. ದಶಕಗಳು ಕಳೆದು ಹುಲ್ಲು ಬೇರೂರಿದ ಮೇಲೆ ಒಡ್ಡು ಏಳುತ್ತದೆ. ಮಳೆನೀರು ಕಾಲುವೆಗಳಲ್ಲಿ ಹರಿದು, ಇಳಿತದ ವೇಳೆ ತೂಬಿನ ಮೂಲಕ ಕಡಲಿಗೆ ಸೇರುತ್ತದೆ. ಹೀಗೆ 1742ರಲ್ಲಿ ಸೋಫಿಯನ್-ಮಗ್ದಲೇನನ್ ಕೋಗ್, 1767ರಲ್ಲಿ ದೆಮೆರ್ಸಿಯೆರ್ ಕೋಗ್, 1789ರಲ್ಲಿ ರಾಯ್ಸೆನ್ ಕೋಗ್ ಮೂಡಿದವು. ಇಂದು ಅಲ್ಲಿ ಗೋಧಿಯೂ ಎಣ್ಣೆಬೀಜವೂ ಹುಲುಸಾಗಿ ಬೆಳೆಯುತ್ತವೆ. ಒಡ್ಡಿನ ಮೇಲೆ ಮೇಯುವ ಕುರಿಗಳು ಹುಲ್ಲನ್ನು ಗಿಡ್ಡಗಿರಿಸಿ, ಗೊರಸಿನಿಂದ ಮಣ್ಣನ್ನು ಗಟ್ಟಿಗೊಳಿಸುತ್ತವೆ.

ಈ ಶ್ರಮದ ಹಿಂದೆ ಭೀತಿಯೂ ಇತ್ತು. 1634ರ ಅಕ್ಟೋಬರ್ ತಿಂಗಳ ಒಂದು ರಾತ್ರಿ ಬಿರುಗಾಳಿಯ ಪ್ರವಾಹವು ಸಮೀಪದ ಸ್ಟ್ರಾಂಡ್ ದ್ವೀಪವನ್ನು ಒಡೆದು, 6,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಆ ದ್ವೀಪದ ಉಳಿದ ಚೂರುಗಳಲ್ಲೊಂದಾದ ಹಂಬರ್ಗರ್ ಹಾಲಿಗ್ ಇಂದು ಇದೇ ಊರಿಗೆ ಸೇರಿದೆ.

ಆದುದರಿಂದಲೇ ಆ ಸೀಮೆಯಲ್ಲಿ ಕಠಿಣವಾದ ಕಟ್ಟಳೆಯೊಂದಿತ್ತು. ಪ್ರತಿಯೊಬ್ಬ ರೈತನೂ ತನ್ನ ಪಾಲಿನ ಒಡ್ಡನ್ನು ಕಾಯಬೇಕು. ಕಾಯಲಾರದವನು ಒಡ್ಡಿನಲ್ಲಿ ಸಲಿಕೆ ನೆಟ್ಟು ಊರು ಬಿಡಬೇಕು. ಆ ಸಲಿಕೆಯನ್ನು ಕಿತ್ತವನಿಗೆ ಹೊಲವೂ ಹೊಣೆಯೂ ಸೇರುತ್ತಿದ್ದವು. ಕ್ರೂರವೆನಿಸಿದರೂ ಇದರಲ್ಲೊಂದು ಸತ್ಯವಿದೆ: ಒಬ್ಬನ ಅಲಕ್ಷ್ಯದಿಂದಾದ ಬಿರುಕಿನಲ್ಲಿ ನುಗ್ಗುವ ನೀರು ನೆರೆಯವನ ಮನೆಯನ್ನು ಬಿಡುವುದಿಲ್ಲ.

ಇಲ್ಲಿನ ಎಲ್ಲ ಸಂಪತ್ತೂ ನಿಷ್ಕಳಂಕವೆನ್ನಲಾಗದು. 1924ರಿಂದ 1926ರವರೆಗೆ ಕಟ್ಟಿದ ಸೋಂಕೆ ನಿಸ್ಸೆನ್ ಕೋಗ್‌ಗೆ ಹೆಸರಿತ್ತ ಎಂಜಿನಿಯರು, ಇಂದಿನ ನಮೀಬಿಯಾದಲ್ಲಿ ರೈಲುಹಾದಿ ನಿರ್ಮಿಸಿ, ವಜ್ರಗಳಿಂದ ಧನಿಕನಾದವನು. ಹಸಿರು ಛಾವಣಿಯ ತೋಟದ ಮನೆಗಳು ಅಲ್ಲಿನ ನಿಲ್ದಾಣಗಳ ಹೆಸರನ್ನು ಹೊತ್ತಿವೆ. ಲ್ಯೂಡೆರಿಟ್ಸ್‌ನಿಂದ ಹೊರಟ ಆ ಹಾದಿಯ ಕೆಲಸದಲ್ಲಿ ಸೆರೆಯಾಳುಗಳಾದ ನಾಮಾ ಮತ್ತು ಹೆರೆರೊ ಜನರು ಬಹುಸಂಖ್ಯೆಯಲ್ಲಿ ಮಡಿದರು. ಉಣ್ಣುವ ಅನ್ನದ ಹಿಂದಿನ ಬೆವರು ಯಾರದೆಂಬುದನ್ನು ಮರೆಯಲಾಗದು.

ಹೊಸ ಹೊಲಕ್ಕಾಗಿ ಕಡಲನ್ನು ಹಿಂದೂಡುವ ಕಾಲ ಈಗ ಮುಗಿದಿದೆ. ಒಡ್ಡಿನಾಚೆಯ ಕೆಸರುನೆಲವು 1985ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2009ರಲ್ಲಿ ಅದಕ್ಕೆ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಹೊರಗಿನ ದೊಡ್ಡ ಒಡ್ಡಿನ ಪಾಲನೆ ಸರ್ಕಾರದ್ದಾಗಿದೆ. ಊರವರು ಒಟ್ಟಾಗಿ ಬಂಡವಾಳ ಹೂಡಿ, ಅದೇ ಕಡಲಗಾಳಿಯಿಂದ ವಿದ್ಯುತ್ತನ್ನು ಪಡೆಯುತ್ತಿದ್ದಾರೆ.

ಆದರೂ ಸಮುದ್ರದ ಮಟ್ಟ ಏರುತ್ತಿರುವ ಈ ದಿನಗಳಲ್ಲಿ ಸಲಿಕೆಯ ಕಟ್ಟಳೆ ಹಳತಾಗಿಲ್ಲ. ನೆಲವನ್ನು ಪಡೆದರಷ್ಟೇ ಸಾಲದು, ಪ್ರತಿ ತಲೆಮಾರೂ ಅದನ್ನು ಮತ್ತೆ ಕಾಯ್ದುಕೊಳ್ಳಬೇಕು.