ಯಂತ್ರ ಬೇಡ, ಫಿಲ್ಟರ್ ಸಾಕು



ಜರ್ಮನಿಗೆ ಬಂದ ಹೊಸದರಲ್ಲಿ ನಮ್ಮಲ್ಲಿ ಹಲವರು ಮಾಡುವ ದೊಡ್ಡ ಖರ್ಚುಗಳಲ್ಲಿ ಕಾಫಿ ಯಂತ್ರವೂ ಒಂದು. ಗುಂಡಿ ಒತ್ತಿದರೆ ಬೀಜ ಪುಡಿಯಾಗಿ, ನೊರೆ ಹಾಲು ಬೆರೆತು ಕಾಫಿ ಬಂದುಬಿಡುತ್ತದೆ. ನಾವೂ ನಾನೂರು ಯೂರೋ ಕೊಟ್ಟು ಒಂದನ್ನು ತಂದೆವು. ಆಮೇಲೆ ಹಾಸನದಿಂದ ನನ್ನ ಅಮ್ಮ ಬಂದರು. ಮೊದಲ ದಿನ ಅದರ ಕಾಫಿ ಕುಡಿದು “ಚೆನ್ನಾಗಿದೆ” ಅಂದರು. ಎರಡನೇ ದಿನ ಅರ್ಧ ಲೋಟ ಹಾಗೇ ಬಿಟ್ಟರು. ಮೂರನೇ ದಿನ, “ನನಗೆ ಬರೀ ಬಿಸಿ ಹಾಲು ಕೊಟ್ಟುಬಿಡು, ಸಾಕು” ಅಂದರು. ಕಾಫಿ ಇಲ್ಲದೆ ಬೆಳಗಾಗದ ಅಮ್ಮ ಹಾಲು ಕೇಳಿದಾಗ ನಮಗೆ ನಾಚಿಕೆಯಾಯಿತು.

ಯಂತ್ರದ ತಪ್ಪೇನೂ ಇಲ್ಲ. ಅದು ಬಿಸಿನೀರನ್ನು ಒತ್ತಡದಿಂದ ಅರ್ಧ ನಿಮಿಷದೊಳಗೆ ಪುಡಿಯ ಮೂಲಕ ನುಗ್ಗಿಸುತ್ತದೆ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಹನಿಹನಿಯಾಗಿ ಇಳಿಯುತ್ತದೆ. ಅದೇ ಬೇರೆ ಕಾಫಿ, ಇದೇ ಬೇರೆ. ಹಾಗಾಗಿ ಊರಿನ ರುಚಿ ಬೇಕೆಂದು ದುಬಾರಿ ಯಂತ್ರ ಕೊಳ್ಳುವ ಮೊದಲು ಈ ಲೇಖನ ಓದಿ. ಮೂವತ್ತು ಯೂರೋ ಒಳಗೆ ಕೆಲಸ ಆಗುತ್ತದೆ.

ಏನೇನು ಬೇಕು?

ಒಂದು ಸ್ಟೀಲ್ ಫಿಲ್ಟರ್. ಊರಿಗೆ ಹೋದವರ ಕೈಲಿ ತರಿಸಿದರೆ ಅಗ್ಗ. ಇಲ್ಲಿನ ಭಾರತೀಯ ಅಂಗಡಿಗಳಲ್ಲೂ ಸಿಗುತ್ತದೆ. ದೊಡ್ಡದು ಕೊಳ್ಳಬೇಡಿ. ದೊಡ್ಡ ಫಿಲ್ಟರಿಗೆ ಸ್ವಲ್ಪವೇ ಪುಡಿ ಹಾಕಿದರೆ ಅದು ತೆಳ್ಳಗೆ ಹರಡಿಕೊಂಡು ನೀರು ಸರ್ರನೆ ಇಳಿದುಹೋಗುತ್ತದೆ. ಮೂರು ನಾಲ್ಕು ಜನರ ಮನೆಗೆ ಚಿಕ್ಕದೇ ಸಾಕು.

ಎರಡು ಜೊತೆ ಲೋಟ ಬಟ್ಟಲು. ಇಲ್ಲದಿದ್ದರೆ ಎರಡು ಸ್ಟೀಲ್ ಲೋಟವಾದರೂ ನಡೆಯುತ್ತದೆ. ಎತ್ತಿ ಹೊಯ್ದಾಗ ಸಕ್ಕರೆ ಕರಗುತ್ತದೆ, ನೊರೆ ಬರುತ್ತದೆ, ಕುಡಿಯುವಷ್ಟು ಬಿಸಿಗೆ ಇಳಿಯುತ್ತದೆ. ನೊರೆಗೆಂದು ಬೇರೆ ಉಪಕರಣ ಬೇಡ.

ಉಳಿದ ಹಣವೆಲ್ಲ ಪುಡಿಗೆ. ಕೈ ಬಿಗಿ ಹಿಡಿಯಬಾರದ ಜಾಗ ಇದೊಂದೇ.

ಪುಡಿಯ ಗುಟ್ಟು

“ಫಿಲ್ಟರ್ ಇದೆ, ಆದರೂ ಡಿಕಾಕ್ಷನ್ ನೀರುನೀರು” ಎಂದು ಹಲವರು ಹೇಳುತ್ತಾರೆ. ಕಾರಣ ಸಾಮಾನ್ಯವಾಗಿ ಪುಡಿ. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ “ಫಿಲ್ಟರ್‌ಕಾಫೆ” ಎಂದು ಸಿಗುವ ಪುಡಿ ಪೇಪರ್ ಫಿಲ್ಟರಿಗಾಗಿ ಮಾಡಿದ್ದು. ಅದು ನಮ್ಮ ಫಿಲ್ಟರಿಗೆ ತರಿಯಾಯಿತು. ಬೀಜ ಹುರಿದು ಮಾರುವ ಅಂಗಡಿಗೆ ಹೋದರೆ ಕೊಂಡ ಬೀಜವನ್ನು ಪುಡಿ ಮಾಡಿ ಕೊಡುತ್ತಾರೆ. “ಪೇಪರ್ ಫಿಲ್ಟರಿಗಿಂತ ನುಣ್ಣಗೆ, ಎಸ್ಪ್ರೆಸ್ಸೊಗಿಂತ ತರಿ” ಎಂದು ಕೇಳಿ. ಮನೆಯಲ್ಲಿ ಬೀಸುವ ಯಂತ್ರ ಬೇಕಿಲ್ಲ. ಒಮ್ಮೆಗೆ 250 ಗ್ರಾಂ ಮಾತ್ರ ತಂದು, ಗಾಳಿಯಾಡದ ಡಬ್ಬಿಯಲ್ಲಿಡಿ.

ಅಂಗಡಿಯ ಫಲಕದಲ್ಲಿ “ಇಂಡಿಯನ್” ಎಂದಿದೆಯೇ ನೋಡಿ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯ ಜೊತೆ ಜರ್ಮನಿಯೂ ಇದೆ. ನೀವು ಕೈಯಲ್ಲಿ ಹಿಡಿದ ಪೊಟ್ಟಣ ಕೊಡಗಿನದೋ ಚಿಕ್ಕಮಗಳೂರಿನದೋ ಆಗಿರಬಹುದು.

ಇನ್ನು ಚಿಕೋರಿ. ಇದು ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ, ಒಂದು ಬಗೆಯ ಸಿಹಿಗಹಿ ಕೊಡುತ್ತದೆ. ಊರಿನ ಪುಡಿಯ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬರೆದಿರುತ್ತದೆ. 80ಕ್ಕೆ 20 ಇರುವುದನ್ನು ಮೊದಲು ಕುಡಿದು ನೋಡಿ. ಚಿಕೋರಿ ನಮ್ಮ ಕಡೆಯವರದ್ದೇ ಅಭ್ಯಾಸ ಅಂದುಕೊಳ್ಳಬೇಡಿ. ಹದಿನೆಂಟನೇ ಶತಮಾನದಲ್ಲಿ ಪ್ರಷ್ಯದ ದೊರೆ ಎರಡನೇ ಫ್ರೆಡರಿಕ್ ಕಾಫಿ ಹುರಿಯುವುದನ್ನು ಸರ್ಕಾರದ ಹಿಡಿತಕ್ಕೆ ತಂದು, ಕದ್ದು ಹುರಿಯುವವರನ್ನು ವಾಸನೆಯಿಂದ ಪತ್ತೆ ಮಾಡಲು ಬೀದಿಗೆ ಆಳುಗಳನ್ನು ಬಿಟ್ಟಿದ್ದ! ಆಗ ಬಡವರು ಚಿಕೋರಿ ಕುದಿಸಿ ಕುಡಿದರು.

ನೀರು, ಹಾಲು

ಮ್ಯೂನಿಕ್, ಬರ್ಲಿನ್‌ನಂಥ ಊರುಗಳ ನಲ್ಲಿ ನೀರು ಗಡಸು. ಕೆಟಲಿನ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ನೋಡಿರುತ್ತೀರಿ. ಅದೇ ನೀರು ಕಾಫಿಯ ರುಚಿಯನ್ನೂ ಮಂಕಾಗಿಸುತ್ತದೆ. ಮನೆಯಲ್ಲಿ ನೀರು ಸೋಸುವ ಜಗ್ ಇದ್ದರೆ ಆ ನೀರು ಬಳಸಿ. ಫಿಲ್ಟರಿನ ತೂತು ಕಟ್ಟಿಕೊಂಡರೆ ವಿನೆಗರ್ ಬೆರೆಸಿದ ಬಿಸಿನೀರಲ್ಲಿ ನೆನೆಸಿಟ್ಟು ತೊಳೆಯಿರಿ.

ಹಾಲಿನಲ್ಲಿ ತಿಂಗಳುಗಟ್ಟಲೆ ಕೆಡದ “ಹಾ ಮಿಲ್ಶ್” ಬೇಡ, ಅದಕ್ಕೊಂದು ಕಾದ ವಾಸನೆ ಇರುತ್ತದೆ. ಫ್ರಿಜ್ಜಿನಲ್ಲಿಡುವ “ಫ್ರಿಶ್ ಮಿಲ್ಶ್” ತನ್ನಿ, 3.5 ಅಥವಾ 3.8 ಶೇಕಡಾ ಕೊಬ್ಬಿನದ್ದಾದರೆ ಊರಿನ ಗಟ್ಟಿ ಹಾಲಿಗೆ ಹತ್ತಿರ.

ಮಕ್ಕಳೇ, ಈಗ ನಿಮ್ಮ ಸರದಿ

ಕಾಫಿ ಕುಡಿಯುವುದು ದೊಡ್ಡವರ ಪಾಲು. ಮಾಡುವುದರಲ್ಲಿ ನಿಮಗೂ ಪಾಲಿದೆ. ಬಿಸಿನೀರು ಹೊಯ್ಯುವಾಗ ಮಾತ್ರ ಅಪ್ಪನೋ ಅಮ್ಮನೋ ಪಕ್ಕದಲ್ಲಿರಲಿ.

1. ತೂತಿನ ಪಾತ್ರೆಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಸುಮಾರು 20 ಗ್ರಾಂ. ಪಾತ್ರೆ ಒಣಗಿರಬೇಕು.
2. ಪುಟ್ಟ ಕೊಡೆಯಂತಿರುವ ತಟ್ಟೆಯಿಂದ ಮೆಲ್ಲಗೆ ಒತ್ತಿ. ತೀರಾ ಬಿಗಿ ಮಾಡಿದರೆ ನೀರು ಇಳಿಯುವುದೇ ಇಲ್ಲ.
3. ಕುದಿ ಬಂದ ನೀರನ್ನು ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಹೊಯ್ಯಿರಿ. ಒಂದು ನಿಮಿಷದ ಮೇಲೆ ಉಳಿದದ್ದು. ಒಟ್ಟು 150 ಮಿಲಿಲೀಟರ್.
4. ಮುಚ್ಚಳ ಮುಚ್ಚಿ 15–20 ನಿಮಿಷ ಕಾಯಿರಿ. ಅಲ್ಲಾಡಿಸಬೇಡಿ!
5. ಬಿಸಿ ಹಾಲಿಗೆ ಡಿಕಾಕ್ಷನ್ ಬೆರೆಸಿ. ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದು, ಕಹಿಯಾಗುತ್ತದೆ.

ಒಂದು ಲೆಕ್ಕ: 150 ಮಿಲಿ ಹೊಯ್ದರೂ ಕೆಳಗಿಳಿಯುವುದು ಸುಮಾರು 110 ಮಿಲಿ. ಉಳಿದ ನೀರು ಎಲ್ಲಿ ಹೋಯಿತು? ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಕುಡಿದುಬಿಟ್ಟಿತು. ದಿನಕ್ಕೆ 20 ಗ್ರಾಂ ಆದರೆ 250 ಗ್ರಾಂ ಪುಡಿ ಎಷ್ಟು ದಿನ ಬರುತ್ತದೆ, ನೀವೇ ಹೇಳಿ.

ಡ್ರೆಸ್ಡೆನ್ನಿನ ಅಮ್ಮ

ಸ್ಟೀಲ್ ಫಿಲ್ಟರ್ ಸಿಗುವವರೆಗೆ ಪೇಪರ್ ಫಿಲ್ಟರಿನಲ್ಲೇ ಪುಡಿ ಹೆಚ್ಚು, ನೀರು ಕಡಿಮೆ ಹಾಕಿ ಗಟ್ಟಿಯಾಗಿ ಇಳಿಸಿಕೊಳ್ಳಬಹುದು. ಆ ಪೇಪರ್ ಫಿಲ್ಟರ್ ಹುಟ್ಟಿದ್ದು ಈ ದೇಶದಲ್ಲೇ, ಒಬ್ಬ ಅಮ್ಮನ ಅಡುಗೆಮನೆಯಲ್ಲಿ. ಡ್ರೆಸ್ಡೆನ್ನಿನ ಮೆಲಿಟ್ಟಾ ಬೆಂಟ್ಸ್ ಅವರಿಗೆ ಬಾಯಿಗೆ ಸಿಗುವ ಕಾಫಿ ಚರಟ ಕಂಡರೆ ಆಗುತ್ತಿರಲಿಲ್ಲ. ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಕೊರೆದು, ಮಗನ ಶಾಲೆಯ ಪುಸ್ತಕದಿಂದ ಶಾಯಿ ಹೀರುವ ಕಾಗದ ಕಿತ್ತು ಅದರೊಳಗಿಟ್ಟು ಸೋಸಿದರು. 1908ರಲ್ಲಿ ಅದಕ್ಕೆ ಹಕ್ಕು ಪಡೆದು, ಒಂದು ಮಾರ್ಕ್‌ಗೂ ಕಡಿಮೆ ಬಂಡವಾಳದಲ್ಲಿ ಉದ್ಯಮ ಶುರು ಮಾಡಿದರು. ಗಂಡ, ಮಕ್ಕಳೆಲ್ಲ ಕೈ ಜೋಡಿಸಿದರು. ಒಳ್ಳೆಯ ಕಾಫಿಗೆ ದೊಡ್ಡ ದುಡ್ಡು ಬೇಡ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಮನೆಯ ಕತೆ ಮುಗಿಸುತ್ತೇನೆ. ಆ ವಾರವೇ ಫಿಲ್ಟರ್ ತಂದೆವು. ಮೊದಲ ಸಲ ನುಣ್ಣನೆ ಪುಡಿ ಹಾಕಿ ಒಂದು ಹನಿಯೂ ಇಳಿಯಲಿಲ್ಲ. ಎರಡನೇ ಸಲ ಬರೀ ಬಣ್ಣದ ನೀರು. ಆಗ ಅಮ್ಮ ಹತ್ತು ವರ್ಷದ ಮೊಮ್ಮಗಳನ್ನು ಪಕ್ಕಕ್ಕೆ ಕರೆದು, ಎಷ್ಟು ಒತ್ತಬೇಕು ಎಂದು ಅವಳ ಕೈ ಹಿಡಿದೇ ತೋರಿಸಿದರು. ಜರ್ಮನ್ ಬೆರೆಸದೆ ಅಜ್ಜಿಯ ಜೊತೆ ಅವಳು ಅಷ್ಟು ಹೊತ್ತು ಮಾತಾಡಿದ್ದು ನಾನು ಕಂಡದ್ದು ಅವತ್ತೇ. ಅಮ್ಮ ಕಾಫಿ ಕುಡಿದು ಲೋಟ ಮುಂದೆ ಹಿಡಿದರು: “ಪುಟ್ಟಿ, ಇನ್ನರ್ಧ ಲೋಟ ಇದೆಯೇನೇ?”

ಮಕ್ಕಳೇ, ಈ ತಿಂಗಳ ಮನೆಗೆಲಸ: ಅಜ್ಜಿ ತಾತಂದಿರಿಗೆ ಫೋನ್ ಮಾಡಿ, ಅವರ ಮನೆಯಲ್ಲಿ ಕಾಫಿ ಮಾಡುವ ಕ್ರಮ ಕೇಳಿ. ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ.